ಗೋಡೆಯ ಮೇಲಿನ ಗಿಟಾರು, ಹೆಗಲ ಮೇಲಿನ ತಮಟೆ: ಹವ್ಯಾಸ ಯಾರ ಹಕ್ಕು?

ಗಿಟಾರ್ ನುಡಿಸುವವರ ನಡುವೆ ಒಂದು ಹಳೇ ಜೋಕ್ ಇದೆ. ಒಬ್ಬರಿಗೆ ಎಷ್ಟು ಗಿಟಾರ್ ಬೇಕು? ಈಗ ಇರೋದಕ್ಕಿಂತ ಒಂದು ಜಾಸ್ತಿ. ಈ ಗೀಳಿಗೆ ಅವರೇ ಒಂದು ಹೆಸರನ್ನೂ ಇಟ್ಟುಕೊಂಡಿದ್ದಾರೆ: 'ಗೇರ್ ಅಕ್ವಿಸಿಷನ್ ಸಿಂಡ್ರೋಮ್', ಚಿಕ್ಕದಾಗಿ 'ಗ್ಯಾಸ್'. ಅಮೆರಿಕದ ಸ್ಟೀಲಿ ಡ್ಯಾನ್ ಬ್ಯಾಂಡಿನ ವಾಲ್ಟರ್ ಬೆಕರ್ 1990ರ ದಶಕದಲ್ಲಿ ಗಿಟಾರ್ ಪತ್ರಿಕೆಯೊಂದಕ್ಕೆ ಬರೆದ ತಮಾಷೆ ಲೇಖನದಿಂದ ಈ ಮಾತು ಹಬ್ಬಿತು. ಮೊದಲು ಒಂದು ಅಕೌಸ್ಟಿಕ್, ಆಮೇಲೆ ಎಲೆಕ್ಟ್ರಿಕ್, ಅದಕ್ಕೊಂದು ಆಂಪ್, ಕಾಲಲ್ಲಿ ಒತ್ತುವ ಪೆಡಲ್‌ಗಳು, ಮನೆಯಲ್ಲೇ ರೆಕಾರ್ಡ್ ಮಾಡೋಕೆ ಮೈಕು. ಕೊನೆಗೆ ನೋಡಿದರೆ ನುಡಿಸೋ ಹೊತ್ತಿಗಿಂತ ಯೂಟ್ಯೂಬಿನಲ್ಲಿ ರಿವ್ಯೂ ನೋಡೋ ಹೊತ್ತೇ ಹೆಚ್ಚಾಗಿರುತ್ತೆ.

ಇದೇನೋ ಬೆಂಗಳೂರಿನ ಐಟಿ ಸಂಬಳದವರ ಕಾಯಿಲೆ ಅಂದುಕೊಂಡರೆ ತಪ್ಪು. ಆನ್‌ಲೈನ್ ಪಾರ್ಸೆಲ್ ಈಗ ಕೊಳ್ಳೇಗಾಲ, ಹನೂರು, ಯಳಂದೂರಿಗೂ ಬರುತ್ತೆ. 5-6 ಸಾವಿರ ರೂಪಾಯಿಗೆ ಕಲಿಯೋ ಮಟ್ಟದ ಗಿಟಾರ್ ಸಿಗುತ್ತೆ, ಅದೂ ಕಂತಿನಲ್ಲಿ. ಡಿಗ್ರಿ ಓದುವ ಹುಡುಗ, ಗಾರ್ಮೆಂಟ್ಸ್‌ಗೆ ಹೋಗಿ ನಾಲ್ಕು ಕಾಸು ಕೂಡಿಟ್ಟ ಹುಡುಗಿ, ಯಾರು ಬೇಕಾದರೂ ತರಿಸಿಕೊಳ್ಳಬಹುದು. ಹಾಗೆ ತರಿಸಿಕೊಂಡ ಕೂಡಲೇ ಎರಡು ಕಡೆಯಿಂದ ಬೈಗುಳ ಶುರು. ಮನೆಯವರದ್ದು, "ಹೊಟ್ಟೆಗ್ ಹಿಟ್ಟಿಲ್ದೆ ಇದ್ಯಾಕ್ಲಾ ನಿಂಗೆ?" ಸಂಸ್ಕೃತಿಯ ವಕ್ತಾರರದ್ದು, "ಕಂಸಾಳೆ ಹುಟ್ಟಿದ ನಾಡಲ್ಲಿ ವಿದೇಶಿ ವಾದ್ಯದ ಹುಚ್ಚು ನೋಡ್ರಪ್ಪಾ!"

ಮನೆಯವರ ಮಾತಿನಲ್ಲಿ ಬಡತನದ ಭಯ ಇದೆ, ಅದು ಅರ್ಥವಾಗುತ್ತೆ. ಎರಡನೇ ಮಾತನ್ನು ಮಾತ್ರ ಸ್ವಲ್ಪ ಕೆದಕಿ ನೋಡಬೇಕು. ಈ ಮೂರು ತಾಲೂಕುಗಳಲ್ಲಿ ಒಂದು ವಾದ್ಯವನ್ನು 'ಸುಮ್ಮನೆ ಇಷ್ಟ' ಅನ್ನೋ ಕಾರಣಕ್ಕೆ ಕೈಗೆತ್ತಿಕೊಳ್ಳೋ ಸ್ವಾತಂತ್ರ್ಯ ಇಲ್ಲಿಯವರೆಗೆ ಯಾರಿಗಿತ್ತು?

ಹರಕೆ, ದೀಕ್ಷೆ, ಹುಟ್ಟು

ಕನ್ನಡದ ಎರಡು ದೊಡ್ಡ ಮೌಖಿಕ ಮಹಾಕಾವ್ಯಗಳು ಈ ಸೀಮೆಯವು. ಹನೂರು ತಾಲೂಕಿನ ಏಳುಮಲೆಯ ಮಾದಪ್ಪನ ಕಾವ್ಯವನ್ನು ಹಾಡೋರು ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಇದೇ ಕಂಸಾಳೆ. ಮಂಟೇಸ್ವಾಮಿ ಕಾವ್ಯವನ್ನು ಹಾಡೋರು ನೀಲಗಾರರು, ಬಹುತೇಕ ದಲಿತ ಸಮುದಾಯದವರು. ತಂಬೂರಿ, ಗಗ್ಗರ, ದಮ್ಮಡಿ ಅವರ ವಾದ್ಯಗಳು. ಬನದ ಹುಣ್ಣಿಮೆ ಹೊತ್ತಿಗೆ ನಡೆಯೋ ಚಿಕ್ಕಲ್ಲೂರು ಜಾತ್ರೆಗೆ, ಸಿದ್ದಪ್ಪಾಜಿಯ ಗದ್ದುಗೆಗೆ, ಈ ಪರಂಪರೆಯ ಒಕ್ಕಲು ಸಾವಿರಗಟ್ಟಲೆ ಬಂದು ಸೇರುತ್ತೆ.

ಈ ವಾದ್ಯಗಳನ್ನು ಯಾರೂ ಅಂಗಡಿಗೆ ಹೋಗಿ "ಚೆನ್ನಾಗಿದೆ, ಕೊಡಿ" ಅಂತ ತರಲಿಲ್ಲ. ಕಂಸಾಳೆ ಬಂದದ್ದು ಹರಕೆಯಿಂದ. ತಂಬೂರಿ ಬಂದದ್ದು ದೀಕ್ಷೆಯಿಂದ. ಒಮ್ಮೆ ಕೈಗೆ ಬಂದರೆ ಅದರ ಜೊತೆ ನೇಮ, ಭಿಕ್ಷೆ, ಗುರುಮನೆಯ ಕಟ್ಟುಪಾಡು ಎಲ್ಲವೂ ಬರುತ್ತೆ. ಅದರಲ್ಲಿ ಘನತೆ ಇದೆ. ರಾತ್ರಿಯಿಡೀ ಕಾವ್ಯ ಹಾಡೋ ನೀಲಗಾರನ ಮುಂದೆ ಊರಿನ ಗೌಡನೂ ಕೈಮುಗಿದು ಕೂರುತ್ತಾನೆ. ಆದರೆ ಅದರಲ್ಲಿ ಆಯ್ಕೆ ಕಡಿಮೆ. ಪರಂಪರೆಯಲ್ಲಿ ಇವೆಲ್ಲ ಬಹುತೇಕ ಗಂಡಸರ ಕೈಯಲ್ಲೇ ಉಳಿದವು. ಹೆಣ್ಣುಮಕ್ಕಳಿಗೆ ಸೋಬಾನೆ ಪದ ಇತ್ತು, ಬೀಸೋ ಕಲ್ಲಿನ ಹಾಡಿತ್ತು. ಅವರ ಪಾಲಿಗೆ ಬಂದದ್ದು ಕೊರಳು ಮಾತ್ರ, ಕೈಗೆ ವಾದ್ಯ ಬರಲಿಲ್ಲ.

ಇನ್ನು ತಮಟೆ. ಅದಕ್ಕೆ ಹರಕೆಯೂ ಇಲ್ಲ, ದೀಕ್ಷೆಯೂ ಇಲ್ಲ. ಹುಟ್ಟಿದ ಕೇರಿಯೇ ಸಾಕು. ಸಾವಿಗೆ, ಹಬ್ಬಕ್ಕೆ, ಊರಲ್ಲಿ ಸಾರೋಕೆ, ಕರೆದಾಗ ಬಂದು ಬಡೀಬೇಕು. ಕೂಲಿ ಎಷ್ಟು ಅನ್ನೋದು ಊರು ಕೊಟ್ಟಷ್ಟು. "ಇವತ್ತು ಮನಸ್ಸಿಲ್ಲ, ನುಡಿಸಲ್ಲ" ಅನ್ನೋ ಮಾತು ಇಲ್ಲಿ ಬಹಿಷ್ಕಾರಕ್ಕೆ ದಾರಿ. 1970ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಪ್ರಭಾವದಲ್ಲಿ ಬೆಳೆದ ಎಷ್ಟೋ ಯುವಕರು ಸಾವಿನ ಮನೆಯ ತಮಟೆಯನ್ನು ಬಿಟ್ಟರು. ಅದೇ ಚಳವಳಿ ಅದೇ ತಮಟೆಯನ್ನು ಮೆರವಣಿಗೆಗೆ, ಹೋರಾಟದ ಹಾಡಿಗೆ ತಂದಿತು. ಎರಡೂ ಒಂದೇ ರಾಜಕಾರಣ. ಬೇಡ ಅನ್ನೋ ಹಕ್ಕು ಸಿಕ್ಕಿದ ಮೇಲೆ ತಾನೇ ಬೇಕು ಅನ್ನೋ ಮಾತಿಗೆ ಬೆಲೆ?

ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಖುಷಿಯ ವಿಷಯ. ಈಗ ನಗರಗಳಲ್ಲಿ ವಾರಾಂತ್ಯದ ತಮಟೆ ಶಿಬಿರ ನಡೆಯುತ್ತೆ, ಎಲ್ಲ ಜಾತಿಯ ಯುವಜನ ಕಲಿಯುತ್ತಾರೆ. ಅದೂ ಒಳ್ಳೆಯದೇ. ಆದರೆ ಶಿಬಿರ ಮುಗಿಸಿ ಮನೆಗೆ ಹೋದವರನ್ನು ಯಾರೂ "ನಾಳೆ ಬೆಳಗ್ಗೆ ಹೆಣ ಎತ್ತಬೇಕು, ಬಾ" ಅಂತ ಕರೆಯೋದಿಲ್ಲ. ಅವರಿಗೆ ತಮಟೆ ಹವ್ಯಾಸ. ಅದೇ ವಾದ್ಯ ಇನ್ನೊಬ್ಬರಿಗೆ ಇವತ್ತಿಗೂ ಗುರುತಿನ ಚೀಟಿ.

ಹಾಗಾಗಿ ಕೊಳ್ಳೇಗಾಲದ ಒಬ್ಬ ದಲಿತ ಹುಡುಗ ತಮಟೆ ಬಿಟ್ಟು ಗಿಟಾರ್ ಹಿಡಿದರೆ ಅದನ್ನು ಸಾಂಸ್ಕೃತಿಕ ದ್ರೋಹ ಅಂತ ಕರೆಯೋಕೆ ಮುಂಚೆ ಹತ್ತು ಸಲ ಯೋಚಿಸಬೇಕು. ಅವನ ಕೈಗೆ ಬಂದ ವಾದ್ಯಗಳಲ್ಲಿ ಅವನ ಜಾತಿ ಕೇಳದ ಮೊದಲ ವಾದ್ಯ ಬಹುಶಃ ಅದೇ.

ಕಲಿಯೋ ದಾರಿ ಮುಚ್ಚಿದೆ, ಕೊಳ್ಳೋ ದಾರಿ ತೆರೆದಿದೆ

ಹಾಗಂತ ಗಿಟಾರೇ ಬಿಡುಗಡೆ ಅನ್ನೋಕೂ ಆಗಲ್ಲ. ಅದು ಜಾತಿ ಕೇಳದೇ ಇರಬಹುದು, ಬೇರೆ ನಾಲ್ಕು ವಿಷಯ ಕೇಳುತ್ತೆ: ದುಡ್ಡು, ಬಿಡುವು, ಒಂದು ಕೋಣೆ, ಒಬ್ಬ ಗುರು. ಹನೂರಿನ ಕಾಡಂಚಿನ ಊರುಗಳಿಂದ ಕಲ್ಲು ಕ್ವಾರಿಗೆ, ತೋಟದ ಕೂಲಿಗೆ, ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಗುಳೆ ಹೋಗೋ ಕುಟುಂಬಗಳಿಗೆ ಈ ನಾಲ್ಕೂ ಒಟ್ಟಿಗೆ ಸಿಗೋದು ದೂರದ ಮಾತು. ಒಂದೇ ಕೋಣೆಯ ಮನೆಯಲ್ಲಿ ಅಜ್ಜಿ ಮಲಗಿರುವಾಗ ಸಿ ಮೇಜರ್ ಕಾರ್ಡನ್ನು ಇನ್ನೂರು ಸಲ ತಪ್ಪಾಗಿ ಬಾರಿಸೋದು ಎಲ್ಲಿ? ಹುಡುಗಿಯಾದರಂತೂ ಮುಗಿದೇ ಹೋಯ್ತು. ಸಂಜೆ ಮೇಲೆ ಅಭ್ಯಾಸಕ್ಕೆ ಅಂತ ಹೊರಗೆ ಹೋಗೋ ಹಾಗಿಲ್ಲ, ಮನೆಯಲ್ಲಿ ಕೂತರೆ ಕೆಲಸ ಬಿಡಲ್ಲ.

ಇಲ್ಲಿಂದಲೇ ಈ 'ಗ್ಯಾಸ್' ಅನ್ನೋ ಗೀಳನ್ನು ಬೇರೆ ಥರ ಅರ್ಥ ಮಾಡಿಕೊಳ್ಳಬಹುದು. ನಮ್ಮ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರಿಲ್ಲ. ಸಣ್ಣ ಊರುಗಳಲ್ಲಿ ನಾಲ್ಕು ಜನ ಕೂತು ನುಡಿಸೋಕೆ ಒಂದು ಸಾರ್ವಜನಿಕ ಕೋಣೆ ಇಲ್ಲ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಬಿಟ್ಟರೆ ಹೊಸಬರಿಗೆ ವೇದಿಕೆ ಇಲ್ಲ. ಇಂಥ ಕಡೆ ಸಂಗೀತದ ಆಸೆ ಇಟ್ಟುಕೊಂಡವರಿಗೆ ಸಲೀಸಾಗಿ ಸಿಗೋದು ಒಂದೇ, ಖರೀದಿ. ಫೋನಿನಲ್ಲಿ ಒಂದು ಸಲ ಒತ್ತಿದರೆ ವಾದ್ಯ ಬರುತ್ತೆ. ಎಷ್ಟು ಸಲ ಒತ್ತಿದರೂ ಗುರು ಬರಲ್ಲ. ಮೂರು ತಿಂಗಳಲ್ಲಿ ತಂತಿ ಬೆರಳು ಕೊಯ್ಯುತ್ತೆ, ಶ್ರುತಿ ಕೂರಲ್ಲ. ತಪ್ಪು ತನ್ನದೋ ಗಿಟಾರಿನದೋ ಹೇಳೋರು ಯಾರೂ ಇಲ್ಲ. ಆಗ ಯೂಟ್ಯೂಬ್ ಹೇಳುತ್ತೆ, "ಇದಕ್ಕಿಂತ ಒಳ್ಳೇ ಗಿಟಾರ್ ತಗೋ." ಕಂತು ಮುಂದುವರಿಯುತ್ತೆ, ಹಳೇದು ಮಂಚದ ಕೆಳಗೆ ಸೇರುತ್ತೆ. ಇದನ್ನು ಯುವಜನರ ದುಂದುವೆಚ್ಚ ಅಂತ ಬೈಯೋದು ಸುಲಭ. ಸಾರ್ವಜನಿಕವಾಗಿ ಸಿಗಬೇಕಾದ ಕಲಿಕೆ ಸಿಗದೇ ಇದ್ದಾಗ ಮಾರುಕಟ್ಟೆ ಆ ಜಾಗಕ್ಕೆ ಬಂದು ಕೂತಿದೆ ಅನ್ನೋದನ್ನ ಒಪ್ಪಿಕೊಳ್ಳೋದೇ ಕಷ್ಟ.

ಯಾರ ಸಂಗ್ರಹಕ್ಕೆ ವಿನಾಯಿತಿ?

ಗಿಟಾರ್ ಸಂಗ್ರಾಹಕರು ಮರದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಅವರು ಬಾಯಿ ಚಪ್ಪರಿಸೋ 'ಈಸ್ಟ್ ಇಂಡಿಯನ್ ರೋಸ್‌ವುಡ್' ಅಂದರೆ ನಮ್ಮ ಬೀಟೆ. ಬ್ರೆಜಿಲ್ಲಿನ ರೋಸ್‌ವುಡ್ ಸಿಗೋದು ಕಷ್ಟವಾದಾಗ, 1960ರ ದಶಕದ ಕೊನೆಗೆ, ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು. ಅಲ್ಲಿಂದಾಚೆಗೆ ಪಶ್ಚಿಮ ಘಟ್ಟದ ಸುತ್ತಲಿನ ಕಾಡಿನ ಈ ಮರ ಜಗತ್ತಿನ ದುಬಾರಿ ಗಿಟಾರುಗಳ ಬೆನ್ನಾಯಿತು. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲೂ ಬೀಟೆ ಮರ ಇದೆ.

ಅಳಿವಿನ ಭಯದಿಂದ 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನು 'ಸೈಟಿಸ್' ಒಪ್ಪಂದದ ನಿಯಂತ್ರಣಕ್ಕೆ ತಂದರು. ವಾದ್ಯ ತಯಾರಕರು, ಸಂಗೀತಗಾರರು ಗಡಿ ದಾಟೋಕೆ ಪರದಾಡಿದರು, ದನಿ ಎತ್ತಿದರು. 2019ರ ನವೆಂಬರ್ ಹೊತ್ತಿಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮೂರು ವರ್ಷವೂ ತುಂಬಿರಲಿಲ್ಲ.

ಅದೇ ಬಿಳಿಗಿರಿ ಕಾಡಿನ ಸೋಲಿಗರ ಕತೆ ನೋಡಿ. ಅವರದ್ದೂ ಸಂಗ್ರಹವೇ: ಜೇನು, ನೆಲ್ಲಿಕಾಯಿ. ಅದು ಹವ್ಯಾಸ ಅಲ್ಲ, ಹೊಟ್ಟೆಪಾಡು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ಹೆಸರಲ್ಲಿ 2006ರ ಹೊತ್ತಿಗೆ ಅದನ್ನು ನಿಲ್ಲಿಸಲಾಯಿತು. ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ, ಸಭೆ, ಹೋರಾಟ ಅಂತ ಅಲೆದು, 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆಯಬೇಕಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಸುದ್ದಿಯಾಯಿತು. ಹಕ್ಕುಪತ್ರ ಬಂದ ಮೇಲೂ ಅದನ್ನು ಚಲಾಯಿಸೋಕೆ ಸೋಲಿಗರು ಹೋರಾಡ್ತಲೇ ಇದ್ದಾರೆ.

ಗಿಟಾರ್ ಇಟ್ಟುಕೊಂಡವರು ತಪ್ಪಿತಸ್ಥರು ಅಂತ ಹೇಳೋಕೆ ಈ ಹೋಲಿಕೆ ಅಲ್ಲ. ಒಂದು ವಸ್ತುವಿನ ಮೇಲಿನ ಪ್ರೀತಿಗೆ ಜಗತ್ತು ಎಷ್ಟು ಬೇಗ ಕಿವಿಗೊಡುತ್ತೆ, ಬದುಕಿನ ಅಗತ್ಯಕ್ಕೆ ಎಷ್ಟು ತಡವಾಗಿ ಅನ್ನೋದಷ್ಟೇ ಪ್ರಶ್ನೆ. ಯಾರ ದನಿಗೆ ಆಂಪ್ಲಿಫೈಯರ್ ಇದೆ ಅನ್ನೋದರ ಮೇಲೆ ಅದು ನಿಂತಿದೆ.

ಸರ್ಕಾರಕ್ಕೂ ಗ್ಯಾಸ್ ಇದೆ

ವಾದ್ಯ ಕೂಡಿಡೋ ಗೀಳು ಸರ್ಕಾರಕ್ಕೂ, ಸಂಸ್ಥೆಗಳಿಗೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ, ಇವೆಲ್ಲ ದೊಡ್ಡ ಕೆಲಸಗಳೇ. ಅವು ಇಲ್ಲದೇ ಇದ್ದಿದ್ದರೆ ಎಷ್ಟೋ ವಾದ್ಯಗಳ ಗುರುತೇ ಉಳಿಯುತ್ತಿರಲಿಲ್ಲ. ಆದರೆ ಆಮೇಲಿನ ಅರ್ಧ ಕೆಲಸ ನಡೆಯಲೇ ಇಲ್ಲ. ಗಾಜಿನ ಪೆಟ್ಟಿಗೆಯ ಕಂಸಾಳೆಗೂ ಮಂಚದ ಕೆಳಗಿನ ಗಿಟಾರಿಗೂ ಏನು ವ್ಯತ್ಯಾಸ? ಎರಡನ್ನೂ ಯಾರೂ ನುಡಿಸ್ತಿಲ್ಲ.

2025ರ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟ ಮಲೆ ಮಹದೇಶ್ವರ ಬೆಟ್ಟದಲ್ಲೇ ಸಭೆ ಸೇರಿತ್ತು. ರಸ್ತೆ, ನೀರು, ಆಸ್ಪತ್ರೆಯ ಮಾತು ಮೊದಲು ಬರಬೇಕು, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಸರ್ಕಾರಿ ಸಮಾರಂಭಗಳ ರೂಢಿ ಗೊತ್ತಲ್ಲ: ಗಣ್ಯರನ್ನು ಸ್ವಾಗತಿಸೋಕೆ ಕಂಸಾಳೆ, ಮೆರವಣಿಗೆಗೆ ತಮಟೆ, ದಸರೆಯ ಜಂಬೂಸವಾರಿಗೆ ಎಲ್ಲವೂ. ಕಲಾವಿದ ಐದು ನಿಮಿಷದ ಅಲಂಕಾರ. ವಯಸ್ಸಾದ ಮೇಲೆ ಮಾಸಾಶನಕ್ಕೆ ಅರ್ಜಿ ಹಿಡಿದು ಅಲೀಬೇಕು. ವಾದ್ಯ, ವೇಷಭೂಷಣ ಕೊಳ್ಳೋಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯ ಕೊಡುತ್ತೆ, ನಿಜ. ಆದರೆ ಅದು ಈಗಾಗಲೇ ಕಲಾವಿದರು ಅನಿಸಿಕೊಂಡವರಿಗೆ. ಇನ್ನೂ ಏನೂ ಆಗದ, ಸುಮ್ಮನೆ ಇಷ್ಟ ಅಂತ ಬಂದ ಹದಿನಾಲ್ಕು ವರ್ಷದ ಹುಡುಗಿಗೆ ಯಾವ ಕಡತದಲ್ಲೂ ಜಾಗ ಇಲ್ಲ.

ಪುಸ್ತಕದ ಥರ ವಾದ್ಯವೂ ಸಿಗಲಿ

ಮಾಡಬಹುದಾದ್ದು ತೀರಾ ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿ ಪುಸ್ತಕದ ಜೊತೆ ನಾಲ್ಕು ವಾದ್ಯ ಯಾಕೆ ಇರಬಾರದು? ಎರಡು ಗಿಟಾರ್, ಒಂದು ಕೀಬೋರ್ಡ್, ಒಂದು ತಂಬೂರಿ, ಒಂದಿಷ್ಟು ಕಂಸಾಳೆ, ತಮಟೆ. ಹೆಸರು ಬರೆಸಿ ಹದಿನೈದು ದಿನಕ್ಕೆ ತಗೊಂಡು ಹೋಗೋದು, ವಾಪಸ್ ತಂದಿಡೋದು. ಸಂಜೆ ಖಾಲಿ ಬೀಳೋ ಶಾಲೆಯ ಒಂದು ಕೋಣೆ ಅಭ್ಯಾಸಕ್ಕೆ. ಕಲಿಸೋಕೆ ಅದೇ ಹೋಬಳಿಯ ಕಲಾವಿದರಿಗೆ ತಿಂಗಳ ಗೌರವಧನ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮನಸ್ಸು ಮಾಡಬೇಕು. ಮಾದಪ್ಪನ ಹೆಸರಲ್ಲಿ ಕೋಟಿಗಟ್ಟಲೆ ಆದಾಯ ನೋಡೋ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರವೂ ಕೈಜೋಡಿಸಲಿ. ಆ ದೇವರನ್ನು ಮನೆಮನೆಗೆ ಮುಟ್ಟಿಸಿದ್ದು ಕಂಸಾಳೆಯವರೇ ತಾನೆ?

ಇದರಲ್ಲಿ ಒಂದು ಗಟ್ಟಿ ರಾಜಕಾರಣವೂ ಇದೆ. ತಮಟೆಯ ಗುರು ಕುರ್ಚಿಯ ಮೇಲೆ, ಎಲ್ಲ ಜಾತಿಯ ಮಕ್ಕಳು ಚಾಪೆಯ ಮೇಲೆ. ಸಂಬಳದ ಚೀಟಿ ಗುರುವಿನ ಹೆಸರಿಗೆ. ದೀಕ್ಷೆಯ ಕಟ್ಟಳೆಗೆ ಸೇರಿದ್ದನ್ನು ಆ ಪರಂಪರೆಯವರ ತೀರ್ಮಾನಕ್ಕೇ ಬಿಡೋಣ. ಮಿಕ್ಕ ನಾದ ಎಲ್ಲರದ್ದೂ ಆಗಲಿ. ಆಗ ದಲಿತ ಹುಡುಗ ಗಿಟಾರ್ ಹಿಡಿಯೋದು, ಲಿಂಗಾಯತರ ಹುಡುಗಿ ತಮಟೆ ಹಿಡಿಯೋದು ಎರಡೂ ಸುದ್ದಿಯೇ ಆಗಬಾರದಷ್ಟು ಮಾಮೂಲಿ ಆಗುತ್ತೆ. ದಿನಕ್ಕೆ ಎಂಟು ಗಂಟೆ ಕೆಲಸ ಅನ್ನೋ ಕಾರ್ಮಿಕ ಹೋರಾಟದ ಬೇಡಿಕೆಯ ಹಿಂದೆ ಇದ್ದದ್ದೂ ಇದೇ ಆಸೆ: ಮಿಕ್ಕ ಹೊತ್ತು ನಮ್ಮದು, ಅದರಲ್ಲಿ ನಮಗೆ ಇಷ್ಟ ಬಂದದ್ದು ಮಾಡ್ತೀವಿ.

ಕೊನೆಗೆ, ಓದುತ್ತಿರೋ ನಿಮಗೊಂದು ಮಾತು. ಮನೆಯಲ್ಲಿ ತಂತಿ ತುಕ್ಕು ಹಿಡಿದ ಗಿಟಾರ್ ಒಂದು ಮೂಲೆ ಸೇರಿದ್ದರೆ, ಓಎಲ್‌ಎಕ್ಸ್‌ಗೆ ಫೋಟೋ ಹಾಕೋ ಮುಂಚೆ ಊರಿನ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ಕೇಳಿ: "ಇದನ್ನ ಇಲ್ಲಿ ಇಡಬಹುದಾ?" ಇಲ್ಲ ಅಂದರೆ ಯಾಕೆ ಇಲ್ಲ ಅಂತ ಪಂಚಾಯಿತಿ ಸಭೆಯಲ್ಲಿ ಕೇಳಿ. ಅಲ್ಲಿಂದ ಶುರುವಾಗಲಿ.