ಕಲ್ಲಿನ ಮನೆಯೂ ಸೋರುತ್ತದೆ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ, ಟೀನ್ ನದಿಯ ಕಣಿವೆಯ ನೆತ್ತಿಯ ಮೇಲೆ ಕ್ಯಾಸಲ್ ಡ್ರೋಗೊ ಎಂಬ ಗ್ರಾನೈಟ್ ಮನೆಯಿದೆ. ಹೆಸರಿಗೆ ಕೋಟೆ, ವಾಸ್ತವದಲ್ಲಿ ಊರೂರುಗಳಲ್ಲಿ ದಿನಸಿ ಅಂಗಡಿ ತೆರೆದು ಸಿರಿವಂತನಾದ ಜೂಲಿಯಸ್ ಡ್ರೂ ತನ್ನ ಕುಟುಂಬಕ್ಕೆಂದು ಕಟ್ಟಿಸಿದ ವಾಸದ ಮನೆ. ವಿನ್ಯಾಸಕಾರ ಎಡ್ವಿನ್ ಲಟ್ಯನ್ಸ್. ನಮ್ಮ ರಾಷ್ಟ್ರಪತಿ ಭವನವನ್ನು ರೂಪಿಸಿದವರೂ ಅವರೇ. 1911ರಲ್ಲಿ ಅಡಿಗಲ್ಲು ಇಟ್ಟದ್ದು, ಕೆಲಸ ಮುಗಿದದ್ದು 1930ರಲ್ಲಿ. ನಡುವೆ ಮಹಾಯುದ್ಧ ಬಂತು. ಹಿರಿಯ ಮಗ 1917ರಲ್ಲಿ ರಣರಂಗದಲ್ಲಿ ಮಡಿದ. ಮೂಲ ನಕ್ಷೆಯ ಬಹುಭಾಗವನ್ನು ಕೈಬಿಡಬೇಕಾಯಿತು. ಮನೆ ಪೂರ್ಣಗೊಂಡ ಮರುವರ್ಷವೇ ಯಜಮಾನನೂ ತೀರಿಕೊಂಡ.

ಕಟ್ಟಡದ ಚೆಲುವು ಅದರ ನಿರಾಡಂಬರತೆಯಲ್ಲಿದೆ. ಹೊರಗೋಡೆಗಳಲ್ಲಿ ಕೆತ್ತನೆ ಅತಿ ವಿರಳ. ಕಲ್ಲಿನ ರಾಶಿಯೂ ಅದರ ಮೂಲೆಗಳೂ ನೆರಳು ಬೆಳಕೂ ಸೇರಿಯೇ ಅಲಂಕಾರ. ಒಳಗಿನ ಓಣಿಗಳಲ್ಲಿಯೂ ಗಿಲಾವು ಕಾಣದ ಬರಿಗಲ್ಲು. ವಾಸಕ್ಕೆ ಇದು ಎಷ್ಟು ಹಿತಕರವೆಂಬುದು ಬೇರೆ ಪ್ರಶ್ನೆ.

ಕೋಟೆಯ ನೋಟ ಕೆಡಬಾರದೆಂದು ಇಳಿಜಾರು ಮಾಡಿನ ಬದಲು ಸಮತಟ್ಟು ತಾರಸಿ ಹಾಕಿ, ಡಾಂಬರಿನ ಹೊದಿಕೆ ಕೊಟ್ಟರು. ಮಳೆಗೆ ಹೆಸರಾದ ಡಾರ್ಟ್‌ಮೂರ್ ಸೀಮೆಯಲ್ಲಿ! ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿದ ಹೊದಿಕೆ ಬಿರುಕುಬಿಟ್ಟಿತು. ಗ್ರಾನೈಟ್ ನೀರನ್ನು ತಡೆಯಬಲ್ಲದು, ಆದರೆ ಕಲ್ಲುಗಳ ನಡುವಿನ ಗಾರೆಯ ಸಂದು ತಡೆಯದು. ಮನೆ ಆರಂಭದಿಂದಲೇ ಸೋರಿತು. 1974ರಲ್ಲಿ ಅದನ್ನು ವಹಿಸಿಕೊಂಡ ನ್ಯಾಷನಲ್ ಟ್ರಸ್ಟ್ ಹಲವು ಬಾರಿ ತೇಪೆ ಹಾಕಿ, ಕೊನೆಗೆ 2010ರ ದಶಕದಲ್ಲಿ ಸಾವಿರಾರು ಕಲ್ಲುಗಳನ್ನು ಕಳಚಿ, ತಾರಸಿಗೆ ಹೊಸ ಹೊದಿಕೆ ಹಾಸಿ, ಕಲ್ಲುಗಳನ್ನು ಮತ್ತೆ ಜೋಡಿಸಿತು. ಈ ಕೆಲಸಕ್ಕೆ ಅನೇಕ ವರ್ಷಗಳೂ ಕೋಟ್ಯಂತರ ಪೌಂಡುಗಳೂ ಹಿಡಿದವು.

ಸರ್ಕಾರಿ ಸೇವೆಯಲ್ಲಿದ್ದಾಗ ಕಟ್ಟಡ ದುರಸ್ತಿಯ ಕಡತಗಳನ್ನು ನಾನೂ ಕಂಡಿದ್ದೇನೆ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ಹಣ ಒದಗಿಸುವುದು ಸುಲಭ. ಫಲಕದಲ್ಲಿ ಹೆಸರು ಬರುತ್ತದೆ. ಚಾವಣಿಯ ಬಿರುಕು ಮುಚ್ಚುವ ಕಡತಕ್ಕೆ ಅಂಥ ಆಕರ್ಷಣೆಯಿಲ್ಲ. ಅದು ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತವೆ. ಸವಕಳಿಯನ್ನು ಲೆಕ್ಕಪುಸ್ತಕದಲ್ಲಿ ಬರೆಯದಿದ್ದರೆ ಅದು ನಡೆಯುವುದಿಲ್ಲವೆಂದು ನಂಬುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ವಿಧಾನಸೌಧವೂ ಗ್ರಾನೈಟಿನದೇ, 1956ರಲ್ಲಿ ಪೂರ್ಣಗೊಂಡ ಅದಕ್ಕೆ ಈಗ ವಯಸ್ಸಾಗಿದೆ. ಪಾರಂಪರಿಕ ಕಟ್ಟಡಗಳ ಪಟ್ಟಿ ತಯಾರಿಸುವ ಉತ್ಸಾಹ ನಮಗಿದೆ, ಅದು ಸ್ವಾಗತಾರ್ಹವೇ. ಆ ಪಟ್ಟಿಯ ಪ್ರತಿ ಹೆಸರಿನ ಮುಂದೆ ವರ್ಷಕ್ಕೊಮ್ಮೆ ತಾರಸಿ, ತೂಬು, ಸಂದುಗಳ ತಪಾಸಣೆ ಮಾಡುವ ಎಂಜಿನಿಯರರ ಹುದ್ದೆಯನ್ನೂ, ಬೇರೆ ಬಾಬತ್ತಿಗೆ ವರ್ಗಾಯಿಸಲಾಗದ ದುರಸ್ತಿ ಅನುದಾನವನ್ನೂ ನಮೂದಿಸಬೇಕು. ಮುಂದಿನ ಆಯವ್ಯಯದಲ್ಲಿಯೇ ಇದನ್ನು ಆರಂಭಿಸಬಹುದು.