ಬಾವುಟಕ್ಕಾಗಿ ಕಾದವಳು

2014ರ ಆಗಸ್ಟ್. ರಷ್ಯಾದ ಚೆಲ್ಯಾಬಿನ್ಸ್ಕ್ ನಗರದಲ್ಲಿ ವಿಶ್ವ ಜೂಡೊ ಚಾಂಪಿಯನ್‌ಷಿಪ್. 52 ಕೆ.ಜಿ. ವಿಭಾಗದಲ್ಲಿ ಸತತ ಎರಡನೇ ವರ್ಷ ಚಿನ್ನ ಗೆದ್ದ ಮೈಲಿಂಡಾ ಕೆಲ್ಮೆಂಡಿ ಅಲ್ಲಿ ಆಡಿದ್ದು ತಮ್ಮ ದೇಶದ ಬಾವುಟದಡಿ ಅಲ್ಲ. ಅಂತರರಾಷ್ಟ್ರೀಯ ಜೂಡೊ ಫೆಡರೇಷನ್ನಿನ ಬಾವುಟದಡಿ. ಅವರ ನಾಡಾದ ಕೊಸೊವೊ ಒಂದು ದೇಶವೆಂದು ರಷ್ಯಾ ಒಪ್ಪುವುದಿಲ್ಲ.

ಅದಕ್ಕೆ ಎರಡು ವರ್ಷ ಮೊದಲು, ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು ಅಲ್ಬೇನಿಯಾದ ಪರವಾಗಿ ಆಡಿದ್ದರು. ಆಗ ಕೊಸೊವೊಗೆ ಒಲಿಂಪಿಕ್ ಸಮಿತಿಯ ಮಾನ್ಯತೆಯೇ ಇರಲಿಲ್ಲ. ಆಟಗಾರ್ತಿಯ ತೋಳಿನಲ್ಲಿ ಕಸುವು ಇರುವುದು ಕೆಲವೇ ವರ್ಷ. ಅಂಥ ವರ್ಷಗಳಲ್ಲಿ ಯಾರ ಹೆಸರಿನಲ್ಲಿ ಆಡಬೇಕೆಂಬ ಚಿಂತೆಯನ್ನೂ ಹೊತ್ತು ಅಖಾಡಕ್ಕೆ ಇಳಿಯುವುದೆಂದರೆ ಏನು ಎಂಬುದನ್ನು, ಹುಟ್ಟಿನಿಂದಲೇ ತ್ರಿವರ್ಣ ಧ್ವಜ ಪಡೆದ ನಾವು ಊಹಿಸುವುದು ಕಷ್ಟ.

ಕೊಸೊವೊದ ಪೇಯಾ ಎಂಬ ಊರಿನಲ್ಲಿ, 1999ರ ಯುದ್ಧ ಮುಗಿದ ಹೊಸತರಲ್ಲಿ, ಎಂಟು ವರ್ಷದ ಹುಡುಗಿಯೊಬ್ಬಳು ಜೂಡೊ ಕಲಿಯಲು ಬಂದಳು. ಕಲಿಸಿದವರು ದ್ರಿತೋನ್ ಕುಕಾ. ಯುಗೊಸ್ಲಾವಿಯಾ ಒಡೆಯುತ್ತಿದ್ದ ಕಾಲದ ರಾಜಕೀಯದಲ್ಲಿ ಅವರ ಬಾರ್ಸಿಲೋನಾ ಒಲಿಂಪಿಕ್ಸ್ ಕನಸು ಮುರಿದುಬಿದ್ದಿತ್ತು. ತನಗೆ ದಕ್ಕದ್ದನ್ನು ಊರಿನ ಮಕ್ಕಳಿಗೆ ದಕ್ಕಿಸಿಕೊಡಲು ಆತ ಒಂದು ಗರಡಿ ಕಟ್ಟಿದರು ಎನ್ನಬೇಕು. ಬೇರೆ ದೇಶಗಳು ಹಣ ತೋರಿಸಿ ಕರೆದರೂ ಕೆಲ್ಮೆಂಡಿ ಆ ಗರಡಿ ಬಿಟ್ಟು ಹೋಗಲಿಲ್ಲ.

2014ರ ಡಿಸೆಂಬರ್‌ನಲ್ಲಿ ಕೊಸೊವೊಗೆ ಒಲಿಂಪಿಕ್ ಮಾನ್ಯತೆ ಸಿಕ್ಕಿತು. 2016ರಲ್ಲಿ ರಿಯೊದ ಉದ್ಘಾಟನಾ ಮೆರವಣಿಗೆಯಲ್ಲಿ ಬಾವುಟ ಹಿಡಿದು ಮುಂದೆ ನಡೆದವರು ಕೆಲ್ಮೆಂಡಿ. ಎರಡೇ ದಿನದಲ್ಲಿ ಇಟಲಿಯ ಒಡೆಟ್ ಜ್ಯುಫ್ರಿಡಾ ಅವರನ್ನು ಸೋಲಿಸಿ, ತಮ್ಮ ದೇಶದ ಮೊದಲ ಒಲಿಂಪಿಕ್ ಪದಕವನ್ನು, ಅದೂ ಚಿನ್ನವನ್ನು, ಗೆದ್ದರು.

ಟೋಕಿಯೊದಲ್ಲಿ ಅವರು ಮೊದಲ ಪಂದ್ಯದಲ್ಲೇ ಸೋತರು. ಆದರೆ ಅದರ ಹಿಂದಿನ ದಿನ ದಿಸ್ತ್ರಿಯಾ ಕ್ರಾಸ್ನಿಚಿ, ಮರುದಿನ ನೋರಾ ಜಾಕೋವಾ ಚಿನ್ನ ಗೆದ್ದರು. ಇಬ್ಬರೂ ಕುಕಾ ಅವರ ಶಿಷ್ಯೆಯರೇ. ಅದೇ ವರ್ಷ ನಿವೃತ್ತರಾದ ಕೆಲ್ಮೆಂಡಿ ತರಬೇತುದಾರರಾದರು. ಪ್ಯಾರಿಸ್‌ನಲ್ಲಿ ಕ್ರಾಸ್ನಿಚಿಗೆ ಬೆಳ್ಳಿ, ಲೌರಾ ಫಜ್ಲಿಯುಗೆ ಕಂಚು. ಇಪ್ಪತ್ತು ಲಕ್ಷ ಜನರೂ ಇಲ್ಲದ ದೇಶಕ್ಕೆ ಮೂರು ಒಲಿಂಪಿಕ್ಸ್‌ಗಳಲ್ಲಿ ಬಂದ ಐದೂ ಪದಕ ಜೂಡೊದ್ದು, ಐದೂ ಹೆಣ್ಣುಮಕ್ಕಳದ್ದು.

ಈ ಕಥೆಯಲ್ಲಿ ನಮಗೂ ಒಂದು ಪಾತ್ರವಿದೆ. ಹೆಮ್ಮೆಪಡುವಂಥದ್ದಲ್ಲ.

ಕೊಸೊವೊವನ್ನು ಭಾರತವೂ ಮಾನ್ಯ ಮಾಡಿಲ್ಲ. 2018ರಲ್ಲಿ ದೆಹಲಿಯಲ್ಲಿ ಮಹಿಳೆಯರ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದಾಗ ಆ ದೇಶದ ಬಾಕ್ಸರ್ ದೊಂಜೆಟಾ ಸದಿಕುಗೆ ನಾವು ವೀಸಾ ಕೊಡಲಿಲ್ಲ. ಯಾವ ದೇಶವನ್ನು ಮಾನ್ಯ ಮಾಡಬೇಕೆಂಬುದು ಸರ್ಕಾರದ ವಿವೇಚನೆ; ಅದಕ್ಕೆ ಕಾರಣಗಳಿರುತ್ತವೆ. ಆದರೆ ಆಡಲು ಬಂದ ಹುಡುಗಿಯನ್ನು ಹೊಸ್ತಿಲಲ್ಲೇ ತಡೆದದ್ದು ತಪ್ಪು.

ನಮ್ಮ ಮಕ್ಕಳನ್ನು ನೆನೆದರೆ ಆ ತಪ್ಪು ಇನ್ನಷ್ಟು ಚುಚ್ಚುತ್ತದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕಲಿತ ಮಣಿಪುರದ ಲಿಂತೋಯ್ ಚನಂಬಮ್, 2022ರಲ್ಲಿ ಕೊಸೊವೊ ಇರುವ ಅದೇ ಬಾಲ್ಕನ್ ನೆಲದ ಸರಾಯೆವೊಗೆ ಹೋಗಿ ವಿಶ್ವ ಕೆಡೆಟ್ ಜೂಡೊ ಚಿನ್ನ ತಂದಳು. ಯಾವುದೇ ವಯೋಮಿತಿಯ ವಿಶ್ವ ಜೂಡೊದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಆ ಬಾಲೆಯನ್ನು ಯಾರಾದರೂ ಗಡಿಯಲ್ಲೇ ತಡೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

2036ರ ಒಲಿಂಪಿಕ್ಸ್ ನಡೆಸಲು ಭಾರತ ಆಸಕ್ತಿ ತೋರಿಸಿದೆ. ಕ್ರೀಡಾಂಗಣ ಕಟ್ಟುವುದಕ್ಕೆ ಮೊದಲು ಸರ್ಕಾರ ಒಂದು ಮಾತು ಕೊಡಲಿ: ಆಡಲು ಅರ್ಹತೆ ಗಳಿಸಿದ ಯಾವ ದೇಶದ ಆಟಗಾರರೇ ಆಗಲಿ, ಅವರದೇ ಬಾವುಟದೊಂದಿಗೆ ಇಲ್ಲಿಗೆ ಬರಬಹುದು.