ದೂರ ಹೋಗಲಾರದ ಸಿಹಿ

ಪೇಟೆಯಲ್ಲಿ ಸಿಗುವ ಹಣ್ಣನ್ನು ಮನೆಯಂಗಳದಲ್ಲಿ ಯಾಕೆ ಬೆಳೆಯಬೇಕು? ದುಡ್ಡಿನ ಲೆಕ್ಕ ಹಾಕಿದರೆ ಬೆಳೆಯಬೇಕಾಗಿಲ್ಲ. ಗೊಬ್ಬರ, ನೀರು, ವರ್ಷಗಟ್ಟಲೆಯ ಆರೈಕೆ ಎಲ್ಲವನ್ನೂ ಕೂಡಿಸಿದರೆ ಅಂಗಡಿಯ ಹಣ್ಣೇ ಅಗ್ಗ. ಆದರೆ ಅಂಗಡಿಯ ಹಣ್ಣೂ ಗಿಡದ ಹಣ್ಣೂ ಒಂದೇ ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಈ ಲೆಕ್ಕ ಸರಿ. ಅಂಜೂರದ ಮಟ್ಟಿಗೆ ಅವೆರಡೂ ಒಂದಲ್ಲ.

ಬಲಿತ ಮಾವಿನಕಾಯಿಯನ್ನು ಕಿತ್ತು ಹುಲ್ಲಿನಲ್ಲಿ ಅಡೆ ಹಾಕಬಹುದು. ಬಾಳೆಗೊನೆ ಕಡಿದ ಮೇಲೂ ಹಣ್ಣಾಗುತ್ತದೆ, ಏಕೆಂದರೆ ಅದರೊಳಗಿನ ಪಿಷ್ಟ ಆಮೇಲೂ ಸಕ್ಕರೆಯಾಗುತ್ತ ಹೋಗುತ್ತದೆ. ಅಂಜೂರಕ್ಕೆ ಅಂಥ ದಾಸ್ತಾನಿಲ್ಲ. ಅದರ ಸಿಹಿಯೆಲ್ಲ ಕೊನೆಯ ಕೆಲವು ದಿನಗಳಲ್ಲಿ ಮರದಿಂದಲೇ ಇಳಿಯಬೇಕು. ಬೇಗ ಕಿತ್ತ ಕಾಯಿ ಮೆತ್ತಗಾಗಬಹುದೇ ಹೊರತು ಸಿಹಿಯಾಗದು. ನಿಜವಾಗಿ ಮಾಗಿದ ಹಣ್ಣಿನ ಗುರುತು ಬೇರೆ: ತೊಟ್ಟಿನ ಬಳಿ ಕತ್ತು ಬಾಗಿ ಜೋತುಬೀಳುತ್ತದೆ, ಸಿಪ್ಪೆಯ ಮೇಲೆ ಸಣ್ಣ ಬಿರುಕು ಮೂಡುತ್ತದೆ, ಕೆಳಗಿನ ಕಣ್ಣಿನಲ್ಲಿ ಜೇನಿನಂಥ ಒಂದು ಹನಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಅದು ಒಂದೆರಡು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ, ಬುಟ್ಟಿಯ ತಳದಲ್ಲಿದ್ದರೆ ಸಂಜೆಗೇ ರಸ ಸೋರುತ್ತದೆ.

ಹಾಗಾಗಿ ದೂರದ ಪೇಟೆಗೆ ಕಳಿಸುವ ರೈತ ಎರಡು ಮೂರು ದಿನ ಮೊದಲೇ ಕೀಳಬೇಕಾಗುತ್ತದೆ. ಅದು ಅವನ ತಪ್ಪಲ್ಲ, ದಾರಿ ಹಾಕಿದ ಕಟ್ಟಳೆ. ಪೇಟೆ ಒಂದು ತಳಿಯನ್ನು ಮೊದಲು ಕೇಳುವುದು ಎಷ್ಟು ಸಿಹಿ ಎಂದಲ್ಲ, ಎಷ್ಟು ದಿನ ತಡೆಯುತ್ತದೆ ಎಂದು. ತೆಳು ಸಿಪ್ಪೆಯ, ರಸ ತುಂಬಿದ ತಳಿಗಳು ಆ ಪ್ರಶ್ನೆಗೆ ಉತ್ತರಿಸಲಾರವು. ಶ್ರೀರಂಗಪಟ್ಟಣದ ಗಂಜಾಂ ಅಂಜೂರ ಊರಿನ ಹೆಸರನ್ನೇ ಹೊತ್ತಿರುವುದು ಸುಮ್ಮನೆ ಅಲ್ಲ. ಕೆಲವು ಹಣ್ಣುಗಳ ಹೆಸರಿಗೆ ಊರು ಅಂಟಿರುವುದು ಅವು ಆ ಊರಿನ ಹತ್ತಿರದಲ್ಲೇ ತಮ್ಮ ರುಚಿಯಲ್ಲಿರುತ್ತವೆ ಎಂಬ ಕಾರಣಕ್ಕೆ.

ಹಾಗೆಂದು ಒಳ್ಳೆಯ ತಳಿ ತಂದು ನೆಟ್ಟ ಮಾತ್ರಕ್ಕೆ ರುಚಿ ಬಂದೀತು ಎಂದುಕೊಳ್ಳಬಾರದು. ಪುಣೆ ಸೀಮೆಯ ಪುರಂದರದಲ್ಲಿ ಬೆಳೆಗಾರರು ಒಂದೇ ಗಿಡದ ಎರಡು ಫಸಲಿಗೆ ಎರಡು ಹೆಸರಿಟ್ಟಿದ್ದಾರೆ: ಮಳೆಗಾಲದ್ದು ‘ಖಟ್ಟಾ ಬಹಾರ್’, ಬೇಸಿಗೆಯದು ‘ಮೀಠಾ ಬಹಾರ್’. ಅದೇ ಬೇರು, ಅದೇ ಕೊಂಬೆ, ಆದರೂ ಒಂದು ಹುಳಿ, ಇನ್ನೊಂದು ಸಿಹಿ. ಬಿಸಿಲು ಮತ್ತು ಒಣಹವೆ ಮಾಡುವ ವ್ಯತ್ಯಾಸ ಅದು. ಆದ್ದರಿಂದಲೇ ಬಯಲುಸೀಮೆಯ ಅಂಗಳದಲ್ಲಿ ಅಂಜೂರ ಸುಲಭವಾಗಿ ಒಗ್ಗುತ್ತದೆ. ಮಲೆನಾಡಿನ ಮಳೆಯಲ್ಲಿ ಹಣ್ಣು ಬಿರಿದು ಹುಳಿಯುತ್ತದೆ, ಎಲೆಗೆ ತುಕ್ಕು ರೋಗ ಹತ್ತುತ್ತದೆ. ಮನೆಯವರ ಕೈಯಲ್ಲಿರುವುದು ಇಷ್ಟು: ಇಡೀ ದಿನ ಬಿಸಿಲು ಬೀಳುವ ಜಾಗ, ನೀರು ನಿಲ್ಲದ ಮಣ್ಣು, ಹೊಸ ಚಿಗುರಿನಲ್ಲಿ ಕಾಯಿ ಕಚ್ಚುವಂತೆ ಕೊಂಬೆ ಸವರುವುದು, ಮಾಗುವ ಹೊತ್ತಿಗೆ ನೀರನ್ನು ಹಿಡಿತದಲ್ಲಿಡುವುದು. ಪಿಕಳಾರ, ಗಿಳಿ, ಬಾವಲಿಗಳಿಗೂ ನಮ್ಮಷ್ಟೇ ಹಣ್ಣಿನ ಹದ ಗೊತ್ತು. ತೆಳುಬಟ್ಟೆಯ ಚೀಲ ಕಟ್ಟದಿದ್ದರೆ ಪಾಲು ಅವಕ್ಕೇ ಹೋಗುತ್ತದೆ.

ಇದೆಲ್ಲ ಅಂಗಳವಿದ್ದವರ ಮಾತಾಯಿತು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತೂಕವಿದೆ. ಆದರೆ ಅಂಜೂರ ದೊಡ್ಡ ಕುಂಡದಲ್ಲೂ ಕಾಯಿ ಬಿಡುವ ಗಿಡ. ಬಿಸಿಲು ಬೀಳುವ ತಾರಸಿಯ ಒಂದು ಮೂಲೆ ಸಾಕು. ಎಲ್ಲರೂ ಮನೆಯಲ್ಲೇ ಬೆಳೆದುಕೊಂಡರೆ ರೈತನ ಗತಿಯೇನು ಎಂಬ ಪ್ರಶ್ನೆಯೂ ಇದೆ. ನನಗೆ ಕಾಣುವುದು ಅದರ ತಿರುವುಮುರುವು. ಒಮ್ಮೆ ಗಿಡದಲ್ಲೇ ಮಾಗಿದ ಅಂಜೂರ ತಿಂದವನಿಗೆ ಹಣ್ಣಿನ ಬೆಲೆ ತಿಳಿಯುತ್ತದೆ. ಹತ್ತಿರದ ತೋಟದಿಂದ ಬೆಳಗ್ಗೆ ಕಿತ್ತು ತಂದ ಹಣ್ಣಿಗೆ ಹೆಚ್ಚು ಕೊಡಲು ಅವನು ಹಿಂಜರಿಯುವುದಿಲ್ಲ. ರುಚಿಯ ಅಳತೆಗೋಲು ತಿನ್ನುವವನ ನಾಲಿಗೆಯಲ್ಲಿ ಇಲ್ಲದಿದ್ದರೆ ಪೇಟೆಗೆ ಬಾಳಿಕೆಯ ಹೊರತು ಬೇರಾವ ಅಳತೆಯೂ ಬೇಕಾಗುವುದಿಲ್ಲ.

ಇದಕ್ಕಿಂತ ಆಳವಾದ ಕಾರಣ ಹಣ್ಣಿನ ಒಳಗೇ ಇದೆ. ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಅತ್ತಿಯ ಕುಲದ್ದೇ ಆದ ಅಂಜೂರದ ಹೂಗಳೂ ನಾವು ಹಣ್ಣು ಎನ್ನುವ ಆ ಗುಡಾಣದೊಳಗೆ ಅಡಗಿರುತ್ತವೆ. ಸ್ಮಿರ್ನಾ ಬಗೆಯ ಅಂಜೂರಕ್ಕೆ ಒಂದು ಪುಟ್ಟ ಕಣಜ ಒಳಹೊಕ್ಕು ಪರಾಗ ಮುಟ್ಟಿಸಬೇಕು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಕ್ಕೆ ಒಯ್ದ ಸ್ಮಿರ್ನಾ ಗಿಡಗಳ ಕಾಯಿ ಹಣ್ಣಾಗದೆ ಉದುರುತ್ತಿದ್ದವು. 1899ರಲ್ಲಿ ಆ ಕಣಜ ಅಲ್ಲಿ ನೆಲೆಯೂರಿದ ಮೇಲೆಯೇ ಫಸಲು ದಕ್ಕಿದ್ದು. ನಮ್ಮ ಅಂಗಳದ ತಳಿಗಳಿಗೆ ಕಣಜ ಬೇಡ, ಪರಾಗವಿಲ್ಲದೆಯೇ ಅವು ಹಣ್ಣಾಗುತ್ತವೆ. ಆದರೆ ಅವುಗಳ ಬೀಜ ಜೊಳ್ಳು, ಮೊಳೆಯುವುದಿಲ್ಲ. ಯಾರಾದರೂ ಕೊಂಬೆ ಕತ್ತರಿಸಿ ನೆಟ್ಟರೆ ಮಾತ್ರ ಅವುಗಳ ವಂಶ ಮುಂದುವರಿಯುತ್ತದೆ. ಜೋರ್ಡಾನ್ ಕಣಿವೆಯ ಗಿಲ್ಗಾಲಿನಲ್ಲಿ ಸಿಕ್ಕ ಸುಟ್ಟ ಅಂಜೂರಗಳು ಸುಮಾರು 11,400 ವರ್ಷ ಹಳೆಯವು, ಇಂಥದೇ ಜೊಳ್ಳು ಬೀಜದವು ಎಂದು 2006ರಲ್ಲಿ ಸಂಶೋಧಕರು ವಾದಿಸಿದರು. ಧಾನ್ಯ ಬಿತ್ತುವ ಮೊದಲೇ ಮನುಷ್ಯ ಅಂಜೂರದ ಕಡ್ಡಿ ನೆಟ್ಟಿದ್ದನೆಂಬ ಅವರ ಊಹೆಯನ್ನು ಎಲ್ಲರೂ ಒಪ್ಪಿಲ್ಲ. ಆದರೆ ಕಣಜವಿಲ್ಲದ ನಮ್ಮ ಅಂಗಳಗಳಲ್ಲಿ ಇಂಥ ತಳಿ ಉಳಿಯಲು ಬೇರೆ ದಾರಿಯಿಲ್ಲ.

ಅಂದರೆ ರುಚಿಯಾದ ಒಂದು ಅಂಜೂರ ಇವತ್ತು ನಮ್ಮ ಕೈಯಲ್ಲಿದ್ದರೆ, ಅದನ್ನು ತಿಂದು ಮೆಚ್ಚಿದ ಯಾರೋ ಪ್ರತಿ ತಲೆಮಾರಿನಲ್ಲೂ ಒಂದು ಕಡ್ಡಿಯನ್ನು ಮಣ್ಣಿಗೆ ಚುಚ್ಚಿದ್ದಾರೆ ಎಂದರ್ಥ. ಅದನ್ನು ಪೇಟೆಗೆ ಬಿಟ್ಟು ಸುಮ್ಮನಿರಲಾಗದು, ಏಕೆಂದರೆ ಪೇಟೆ ದೂರ ಸಾಗುವುದನ್ನಷ್ಟೇ ಉಳಿಸಿಕೊಳ್ಳುತ್ತದೆ. ದೂರ ಹೋಗಲಾರದ ಸಿಹಿಗೆ ನೆಲೆ ಅಂಗಳವೊಂದೇ. ಹಾಗಾಗಿ ಗಿಡ ಸವರಿದ ದಿನ ಪೆನ್ಸಿಲ್ ದಪ್ಪದ, ಗೇಣುದ್ದದ, ನಾಲ್ಕು ಗೆಣ್ಣಿನ ಕಡ್ಡಿಗಳನ್ನು ಎಸೆಯಬೇಡಿ. ಒಂದನ್ನು ಕುಂಡದಲ್ಲಿ ಊರಿ, ಉಳಿದವನ್ನು ಬೇಲಿಯಾಚೆ ಕೊಡಿ. ಹಣ್ಣು ಆ ಮನೆ ಮುಟ್ಟುವಷ್ಟರಲ್ಲಿ ಸೋರಬಹುದು, ಕಡ್ಡಿ ಮುಟ್ಟುತ್ತದೆ.